ಬಾಗಿಲು ಯಾವಾಗ ಬಡಿಯಬೇಕು: ದೆವ್ವದ ಮನೆಯೊಂದನ್ನು ಎಡಿಟ್ ಮಾಡಿದ ಅನುಭವ

ಆ ಸಿನಿಮಾ ಎಡಿಟಿಂಗ್‌ಗೆ ಬಂದಾಗ ಅದರಲ್ಲಿ ಹೊಸದು ಅಂತ ಏನೂ ಇರಲಿಲ್ಲ. ಕಿರುಗುಟ್ಟುವ ಬಾಗಿಲು, ತಾನಾಗೇ ತೂಗುವ ಕುರ್ಚಿ, ಮಿಣುಕುವ ಬಲ್ಬು, ಕನ್ನಡಿಯಲ್ಲಿ ಹಿಂದೆ ನಿಂತ ಮುಖ, ಸಾಲದು ಅಂತ ಒಂದು ಬೆಕ್ಕು. ನಿರ್ದೇಶಕರಿಗೂ ಇದು ಗೊತ್ತಿತ್ತು. "ಎಲ್ಲ ಹಳೇ ಸರಕೇ, ಆದರೂ ಜನ ಬೆಚ್ಚಿಬೀಳಬೇಕು" ಅಂದರು. ನನಗೇನೂ ತಕರಾರು ಇರಲಿಲ್ಲ. ಟ್ರಿಕ್ಕು ಗೊತ್ತಿರುವ ಪ್ರೇಕ್ಷಕ ಕಾಯುತ್ತಾ ಕೂರುತ್ತಾನೆ. ಕಾಯುವವನನ್ನು ಆಟ ಆಡಿಸೋದು ಸುಲಭ.

ಕನ್ನಡಿ ದೃಶ್ಯವನ್ನೇ ತಗೊಳ್ಳಿ. ನಾಯಕಿ ಬಾತ್‌ರೂಮಿನ ಕನ್ನಡಿ ಕಪಾಟು ತೆರೆಯುತ್ತಾಳೆ, ಮಾತ್ರೆ ತೆಗೆದುಕೊಳ್ಳುತ್ತಾಳೆ, ಮುಚ್ಚುತ್ತಾಳೆ. ಮುಚ್ಚಿದ ಕೂಡಲೇ ಕನ್ನಡಿಯಲ್ಲಿ ಮುಖ ಕಾಣಬೇಕು, ಅಲ್ವಾ? ಶೂಟ್ ಮಾಡಿದ್ದೂ ಹಾಗೇ. ನಾನು ಆ ಮುಖ ಇಲ್ಲದ ಟೇಕ್ ಹಾಕಿದೆ. ಕಪಾಟು ಮುಚ್ಚಿತು, ಹಿಂದೆ ಯಾರೂ ಇಲ್ಲ. ಅವಳು ಮಾತ್ರೆ ನುಂಗಿ ಫ್ರೇಮಿನಿಂದ ಆಚೆ ಹೋಗುತ್ತಾಳೆ. ಶಾಟ್ ಮಾತ್ರ ಕಟ್ ಆಗಲ್ಲ. ನೋಡುವವರು ಉಸಿರು ಬಿಟ್ಟಿರುತ್ತಾರೆ, ಕೆಲವರು ನಕ್ಕೂ ಇರುತ್ತಾರೆ. ಆಗ ಕನ್ನಡಿಯೊಳಗೆ ಕಾಣುವ ಬಾಗಿಲು ಧಡಾರ್ ಅಂತ ಮುಚ್ಚಿಕೊಳ್ಳುತ್ತದೆ.

ಈ ಒಂದು 'ಧಡಾರ್' ನನ್ನನ್ನು ಜಾಸ್ತಿ ಕಾಡಿದ್ದು. ಶಬ್ದ ಜೋರಾಗಿಯೇ ಇತ್ತು, ಆದರೆ ಯಾರೂ ಬೆಚ್ಚುತ್ತಿರಲಿಲ್ಲ. ಸೌಂಡ್ ಟ್ರ್ಯಾಕನ್ನು ಹಿಗ್ಗಿಸಿ ನೋಡಿದರೆ, ಬಡಿತಕ್ಕೆ ಎರಡು ಮೂರು ಫ್ರೇಮ್ (ಸಿನಿಮಾದ ಒಂದೊಂದು ಬಿಡಿ ಚಿತ್ರ) ಮೊದಲು ಚಿಲಕದ ಸಣ್ಣ 'ಟಕ್' ಕೂತಿತ್ತು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು ಸುಮಾರು 100 ಮಿಲಿಸೆಕೆಂಡ್. ದೊಡ್ಡ ಶಬ್ದಕ್ಕೆ ಇಷ್ಟೇ ಮೊದಲು ಒಂದು ಸಣ್ಣ ಶಬ್ದ ಕಿವಿಗೆ ಬಿದ್ದರೆ ಮೈ ಬೆಚ್ಚುವುದು ಕಡಿಮೆಯಾಗುತ್ತದೆ. ಇದನ್ನು ಪ್ರಯೋಗಾಲಯಗಳಲ್ಲಿ ಮನುಷ್ಯರ ಮೇಲೂ ಇಲಿಗಳ ಮೇಲೂ ಎಷ್ಟೋ ಸಲ ನೋಡಿದ್ದಾರೆ. ಆ 'ಟಕ್' ಅಳಿಸಿದೆ. ವಾಲ್ಯೂಮ್ ಮುಟ್ಟಲೇ ಇಲ್ಲ. ಮುಂದಿನ ಸಲ ತೋರಿಸಿದಾಗ ಪಕ್ಕದ ರೂಮಿನ ಸಹಾಯಕನ ಕೈಯಿಂದ ಪೆನ್ನು ಬಿತ್ತು.

ಇನ್ನೊಂದು ವಿಷಯ. ಜೋರು ಶಬ್ದ ಬಿದ್ದ 30ರಿಂದ 50 ಮಿಲಿಸೆಕೆಂಡಿನೊಳಗೆ ಕಣ್ಣಿನ ರೆಪ್ಪೆ ತಾನಾಗೇ ಮುಚ್ಚಲು ಶುರುವಾಗುತ್ತದೆ. ಅಂದರೆ ಒಂದು ಫ್ರೇಮಿನ ಆಸುಪಾಸು. ಹಾಗಾಗಿ ದೆವ್ವದ ಮುಖವನ್ನು ಬಡಿತದ ಜೊತೆ ಎರಡು ಮೂರು ಫ್ರೇಮ್ ಮಿಂಚಿಸಿ ತೆಗೆದರೆ, ಬೆಚ್ಚಿದವರು ಅದನ್ನು ನೋಡಿಯೇ ಇರುವುದಿಲ್ಲ! ಮೇಕಪ್‌ನವರ ಶ್ರಮವೆಲ್ಲ ದಂಡ. ನಾನು ಮುಖವನ್ನು ಕನಿಷ್ಠ ಅರ್ಧ ಸೆಕೆಂಡಾದರೂ ನಿಲ್ಲಿಸುತ್ತೇನೆ.

ಮೌನದ ಬಗ್ಗೆಯೂ ಹೇಳಬೇಕು. ಹೆದರಿಸುವ ಮೊದಲು ಸಂಗೀತವನ್ನು ಥಟ್ಟನೆ ನಿಲ್ಲಿಸುವುದು ರೂಢಿ. ಆದರೆ ಈಗ ಅದೇ ಒಂದು ಎಚ್ಚರಿಕೆ ಗಂಟೆ ಆಗಿಬಿಟ್ಟಿದೆ. ಸದ್ದು ನಿಂತ ತಕ್ಷಣ ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಫ್ಯಾನಿನ ಗುಂಯ್, ಗಡಿಯಾರದ ಟಿಕ್ ಟಿಕ್ ಎಲ್ಲವನ್ನೂ ಯಾರಿಗೂ ಗೊತ್ತಾಗದ ಹಾಗೆ ನಿಧಾನವಾಗಿ ಇಳಿಸಿದೆ. ಪಿಟೀಲುಗಳು ಮೇಲೇರುವ ಸಂಗೀತವನ್ನು ಪೂರ್ತಿ ತೆಗೆದೆ. ಸಂಗೀತ ನಿರ್ದೇಶಕರು ಸ್ವಲ್ಪ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಇನ್ನು ಬೆಕ್ಕು. ಹೆದರಿಸಿದ್ದು ಕೊನೆಗೆ ಬರೀ ಬೆಕ್ಕು ಅಂತ ಗೊತ್ತಾಗುವ ಇಂಥ ಹುಸಿ ಹೆದರಿಕೆಗೆ ದೊಡ್ಡ ಇತಿಹಾಸವೇ ಇದೆ. 1942ರ ಹಾಲಿವುಡ್ ಸಿನಿಮಾ 'ಕ್ಯಾಟ್ ಪೀಪಲ್'ನಲ್ಲಿ ಒಬ್ಬಳು ರಾತ್ರಿ ಒಂಟಿಯಾಗಿ ನಡೆಯುತ್ತಿರುತ್ತಾಳೆ. ಹಿಂದೆ ಬರುತ್ತಿದ್ದ ಹೆಜ್ಜೆ ಸದ್ದು ನಿಂತುಹೋಗುತ್ತದೆ. ಆಮೇಲೆ ಕಾಡುಮೃಗ ಬುಸುಗುಟ್ಟಿದಂಥ ಶಬ್ದದ ಜೊತೆ ಫ್ರೇಮಿಗೆ ನುಗ್ಗುವುದು ಒಂದು ಬಸ್ಸು. ನಿರ್ಮಾಪಕ ವ್ಯಾಲ್ ಲೂಟನ್ ಹೆಸರಿನಲ್ಲಿ ಈ ತಂತ್ರಕ್ಕೆ 'ಲೂಟನ್ ಬಸ್' ಅಂತಲೇ ಹೆಸರು ಬಿತ್ತು. ಅಲ್ಲಿಂದ ಇಲ್ಲಿಯವರೆಗೆ ಬಸ್ಸಿನ ಜಾಗದಲ್ಲಿ ಎಷ್ಟು ಬೆಕ್ಕುಗಳು ಹಾರಿವೆಯೋ ಲೆಕ್ಕವಿಲ್ಲ. ನನಗೆ ಹಾರುವ ಬೆಕ್ಕು ಕಂಡರೆ ಬೇಜಾರು. ಅದಕ್ಕೆ ಹೀಗೆ ಮಾಡಿದೆವು: ಅಡುಗೆಮನೆಯಲ್ಲಿ ಪಾತ್ರೆ ಬೀಳುತ್ತದೆ, ಎಲ್ಲರೂ ಬೆಕ್ಕು ಅಂದುಕೊಳ್ಳುತ್ತಾರೆ, ಮುಂದಿನ ಶಾಟ್‌ನಲ್ಲಿ ಬೆಕ್ಕು ನಾಯಕಿಯ ಮಂಚದ ಮೇಲೆ ಮಲಗಿದೆ, ಕಿವಿ ಮಾತ್ರ ಅಡುಗೆಮನೆ ಕಡೆ. ಇದಕ್ಕೆ ಒಂದು ರೂಪಾಯಿ ಹೆಚ್ಚು ಖರ್ಚಾಗಲಿಲ್ಲ.

ಇದೆಲ್ಲ ಕೆಲಸ ಮಾಡಬೇಕಾದರೆ ಮನೆಯ ನಕ್ಷೆ ನೋಡುವವರ ತಲೆಯಲ್ಲಿ ಕೂತಿರಬೇಕು. ಮೆಟ್ಟಿಲು ಎಲ್ಲಿ, ಅಡುಗೆಮನೆ ಎಲ್ಲಿ ಅಂತ ಗೊತ್ತಿಲ್ಲದಿದ್ದರೆ ಬೆಕ್ಕಿನ ಕಿವಿ ಯಾವ ಕಡೆ ತಿರುಗಿದರೇನು? ಶುರುವಿನಲ್ಲೇ ಹಗಲು ಬೆಳಕಿನಲ್ಲಿ ಮನೆ ಸುತ್ತಾಡಿಸುವ ಉದ್ದನೆಯ ಶಾಟ್ ಒಂದಿತ್ತು. ಬೋರ್ ಹೊಡೆಯುತ್ತೆ, ಕತ್ತರಿಸು ಅಂತ ಎಲ್ಲರೂ ಹೇಳಿದರು. ನಾನು ಒಂದು ಫ್ರೇಮ್ ಕೂಡ ಬಿಟ್ಟುಕೊಡಲಿಲ್ಲ. ರಾತ್ರಿ ದೃಶ್ಯಗಳಲ್ಲಿ ನಾಯಕಿಯನ್ನು ಫ್ರೇಮಿನ ಒಂದು ಮೂಲೆಗೆ ತಳ್ಳಿ, ಹಿಂದೆ ಕತ್ತಲು ತುಂಬಿದ ಬಾಗಿಲನ್ನು ಸುಮ್ನೆ ತೆರೆದೇ ಇಟ್ಟಿದ್ದರು. ಅಲ್ಲಿ ನಾವು ಏನನ್ನೂ ಇಟ್ಟಿಲ್ಲ. ಆದರೂ ನೋಡಿದವರಲ್ಲಿ ಕೆಲವರು ಏನೋ ಅಲುಗಾಡಿತು ಅಂತ ವಾದ ಮಾಡಿದರು. ಎಡಿಟರ್ ಆಗಿದ್ದು, ಆಮೇಲೆ ಅದೇ ಲೂಟನ್ ಬಳಿ ನಿರ್ದೇಶನ ಶುರು ಮಾಡಿದ ರಾಬರ್ಟ್ ವೈಸ್, 1963ರ 'ದಿ ಹಾಂಟಿಂಗ್'ನಲ್ಲಿ ದೆವ್ವವನ್ನು ತೋರಿಸುವುದೇ ಇಲ್ಲ. ಒಂದು ಮರದ ಬಾಗಿಲು ಒಳಗಡೆಗೆ ಉಬ್ಬುತ್ತದೆ, ಅಷ್ಟೇ. ಎಡಿಟಿಂಗ್ ಟೇಬಲ್‌ನಿಂದ ಬಂದವರ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ ಬಿಡಿ.

ಕೊನೆಯ ಶಾಟ್ ವಿಷಯದಲ್ಲಿ ಮಾತ್ರ ನಿರ್ದೇಶಕರೇ ಗೆದ್ದರು. ಎಲ್ಲ ಮುಗಿದು ಶಾಂತವಾದ ಮೇಲೆ ಮಂಚದ ಕೆಳಗಿಂದ ಒಂದು ಕೈ. ತೀರಾ ಸವೆದ ಟ್ರಿಕ್ಕು, ತೆಗೆಯೋಣ ಅಂದೆ. ಟೆಸ್ಟ್ ಶೋನಲ್ಲಿ ಜನ ಬ್ಯಾಗು ಹೆಗಲಿಗೆ ಹಾಕಿಕೊಂಡು ಏಳುತ್ತಿದ್ದರು. "ಈಗ ಕೈ ಬರುತ್ತೆ ನೋಡು" ಅಂತ ಒಬ್ಬರು ಹೇಳಿದ್ದು ನನಗೇ ಕೇಳಿಸಿತು. ಕೈ ಬಂತು, ಆ ಮಾತು ಹೇಳಿದವರೇ ಎಲ್ಲರಿಗಿಂತ ಜೋರಾಗಿ ಕಿರುಚಿದರು. ಶಾಟ್ ಉಳಿಯಿತು. ಎಲ್ಲ ಶಬ್ದಗಳನ್ನೂ ಸೇರಿಸಿ ಹದ ಮಾಡುವ ಮಿಕ್ಸಿಂಗ್‌ನಲ್ಲಿ ಅದರ ಶಬ್ದವನ್ನು ಸ್ವಲ್ಪ ತಗ್ಗಿಸಿಕೊಂಡೆ.