ಕಾರವಾರದ ಸೆಖೆಯಲ್ಲಿ ನಿಲ್ಲುವ ಕ್ರೀಮು

ಕಾರವಾರದ ಕಾಜುಬಾಗದಲ್ಲಿರುವ ನನ್ನ ಮನೆಯ ಅಡುಗೆಕೋಣೆಯಲ್ಲಿ ಆರ್ಡರ್ ಪಡೆದು ಕಪ್‌ಕೇಕ್ ಮಾಡಿಕೊಡಲು ಆರಂಭಿಸಿದಾಗ ನನ್ನನ್ನು ಕಾಡಿದ್ದು ಕೇಕಲ್ಲ, ಅದರ ಮೇಲಿನ ಬಟರ್‌ಕ್ರೀಮು. ಒಂದು ಮೇ ತಿಂಗಳ ಮಧ್ಯಾಹ್ನ ಮಗುವೊಂದರ ಹುಟ್ಟುಹಬ್ಬಕ್ಕೆಂದು ಕಳುಹಿಸಿದ ಎರಡು ಡಜನ್ ಕಪ್‌ಕೇಕುಗಳ ಕ್ರೀಮು, ರಿಕ್ಷಾ ಆ ಮನೆ ತಲುಪುವಷ್ಟರಲ್ಲಿಯೇ ಒಂದು ಬದಿಗೆ ಜಾರಿ ಪೆಟ್ಟಿಗೆಯ ಗೋಡೆಗೆ ಅಂಟಿಕೊಂಡಿತ್ತು. ಹಣವನ್ನು ಹಿಂದಿರುಗಿಸಿದೆನಾದರೂ ಆ ಪೆಟ್ಟಿಗೆಯ ನೋಟ ನನ್ನ ಕಣ್ಣಿನಿಂದ ಹಲವು ದಿನ ಮರೆಯಾಗಲಿಲ್ಲ. ಈ ಕೆಲಸವನ್ನೇ ದಿನವಿಡೀ ಮಾಡುವವರ ಅಂಗಡಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ನಿರ್ಧರಿಸಿ, ಬೆಂಗಳೂರಿನಲ್ಲಿ ಓದುತ್ತಿದ್ದ ಮಗಳನ್ನು ಕಾಣುವ ನೆಪವೂ ಇದ್ದುದರಿಂದ ಪಂಚಗಂಗಾ ರೈಲು ಹತ್ತಿದೆ.

ಇಂದಿರಾನಗರದ ಮ್ಯಾಗ್ನೋಲಿಯಾ ಬೇಕರಿಯನ್ನು ಆರಿಸಿಕೊಳ್ಳಲು ಕಾರಣವಿತ್ತು. 1996ರಲ್ಲಿ ನ್ಯೂಯಾರ್ಕಿನ ಬ್ಲೀಕರ್ ಬೀದಿಯಲ್ಲಿ ಆರಂಭವಾದ ಈ ಬೇಕರಿ, 2000ದಲ್ಲಿ ಅಮೆರಿಕದ ಟಿವಿ ಧಾರಾವಾಹಿಯೊಂದರ ದೃಶ್ಯದಲ್ಲಿ ಕಾಣಿಸಿಕೊಂಡ ಮೇಲೆ ಕಪ್‌ಕೇಕಿಗಾಗಿಯೇ ಜನ ಸಾಲು ನಿಲ್ಲುವಂತೆ ಮಾಡಿತು. ಅದರ ಬೆಂಗಳೂರಿನ ಮಳಿಗೆ 2019ರಲ್ಲಿ ತೆರೆಯಿತು. ಕಪ್‌ಕೇಕು ಅದಕ್ಕಿಂತ ಬಹಳ ಹಳೆಯ ತಿಂಡಿ. 1796ರ ಅಮೆರಿಕದ ಅಡುಗೆ ಪುಸ್ತಕವೊಂದರಲ್ಲಿಯೇ ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಹಗುರವಾದ ಕೇಕಿನ ವಿಧಾನವಿದೆ. ತೂಕದ ಬದಲು ಕಪ್ಪಿನಲ್ಲಿ ಅಳೆದು, ಒಂದು ಕಪ್ ಬೆಣ್ಣೆ, ಎರಡು ಕಪ್ ಸಕ್ಕರೆ, ಮೂರು ಕಪ್ ಮೈದಾ, ನಾಲ್ಕು ಮೊಟ್ಟೆ ಎಂದು ನೆನಪಿಟ್ಟುಕೊಳ್ಳುತ್ತಿದ್ದ ಕೇಕಿಗೂ ಇದೇ ಹೆಸರಿತ್ತು. ನಮ್ಮ ಮನೆಗಳಲ್ಲಿ ಸಿದ್ದೆಯಲ್ಲಿ ಅಕ್ಕಿ ಅಳೆದು ದೋಸೆಗೆ ನೆನೆಹಾಕುವ ಅಜ್ಜಿಯರಿಗೆ ಈ ಲೆಕ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಳಿಗೆಯಲ್ಲಿ ನಾನು ಮೊದಲು ಗಮನಿಸಿದ್ದು ಕ್ರೀಮನ್ನು ಹಚ್ಚಿದ ರೀತಿ. ನಾನು ಪೈಪಿಂಗ್ ಚೀಲಕ್ಕೆ ನಕ್ಷತ್ರದ ನಾಝಲ್ ಹಾಕಿ ಗೋಪುರದಂತೆ ಎತ್ತರಕ್ಕೆ ಸುತ್ತುತ್ತಿದ್ದೆ. ಅಲ್ಲಿಯದು ಸಣ್ಣ ಪ್ಯಾಲೆಟ್ ಚಾಕುವಿನಿಂದ ಹರಡಿ, ಮೇಲ್ಭಾಗದಲ್ಲಿ ಒಮ್ಮೆ ತಿರುಗಿಸಿ ಸುಳಿ ಮಾಡಿದ ತಗ್ಗಾದ ಕ್ರೀಮು. ನೋಡಲು ಸರಳವಾದರೂ ಅದರಲ್ಲಿ ದೊಡ್ಡ ವಿವೇಕವಿದೆ. ಗೋಪುರದ ಭಾರವೆಲ್ಲ ಚಿಕ್ಕ ಬುಡದ ಮೇಲೆ ನಿಂತರೆ, ಹರಡಿದ ಕ್ರೀಮು ಕೇಕಿನ ಅಗಲಕ್ಕೂ ಹಿಡಿದುಕೊಂಡಿರುತ್ತದೆ. ಎರಡನೆಯದಾಗಿ, ಚೀಲದಲ್ಲಿ ಒಯ್ದಿದ್ದ ಅಡುಗೆ ಥರ್ಮಾಮೀಟರನ್ನು ನಾನು ಕುಳಿತ ಮೇಜಿನ ಮೇಲಿಟ್ಟಾಗ ಅದು 23 ಡಿಗ್ರಿ ತೋರಿಸಿತು. "ಆಯಿ, ಎಲ್ಲರೂ ನೋಡ್ತಿದಾರೆ," ಎಂದು ಮಗಳು ಪಿಸುಗುಟ್ಟಿದಳು. ನೋಡಲಿ ಎಂದುಕೊಂಡೆ, ಏಕೆಂದರೆ ನನಗೆ ಬೇಕಾಗಿದ್ದ ಉತ್ತರ ಆ ಅಂಕಿಯಲ್ಲಿತ್ತು. ಬೆಣ್ಣೆ 18ರಿಂದ 21 ಡಿಗ್ರಿಯಲ್ಲಿ ಗಾಳಿಯನ್ನು ಚೆನ್ನಾಗಿ ಹಿಡಿದಿಡುತ್ತದೆ, 25 ದಾಟಿದರೆ ಸಡಿಲಾಗುತ್ತದೆ, 32ರಿಂದ 35ರ ನಡುವೆ ಕರಗಿ ಎಣ್ಣೆಯಾಗುತ್ತದೆ. ಮೇ ತಿಂಗಳ ಕಾರವಾರದ ಮಧ್ಯಾಹ್ನವೆಂದರೆ ಬೆಣ್ಣೆ ಕರಗುವ ಉಷ್ಣಾಂಶವೇ. ನನ್ನ ಕೈಯಲ್ಲಿ ತಪ್ಪಿದೆ ಎಂದು ಅಷ್ಟು ದಿನ ಕೊರಗಿದ್ದೆ. ನಾನು ಬೇರೆ ಹವೆಯ ವಿಧಾನವನ್ನು ನನ್ನ ಹವೆಯಲ್ಲಿ ಮಾಡುತ್ತಿದ್ದೆ, ಅಷ್ಟೇ.

ಊರಿಗೆ ಮರಳಿದ ಮೇಲೆ ಕೇಕಿನ ಅಳತೆಯನ್ನೂ ಸ್ವಲ್ಪ ತಿದ್ದಿದೆ. ನನ್ನ ವಿಧಾನ ಬೆಂಗಳೂರಿನ ತರಗತಿಯೊಂದರಲ್ಲಿ ಕಲಿತದ್ದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಆ ಊರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ, ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಕೇಕು ಬೇಗ ಉಬ್ಬುತ್ತದೆ. ಕಡಲ ದಡದಲ್ಲಿ ಅದೇ ಹಿಟ್ಟು ಅಷ್ಟು ಏಳುವುದಿಲ್ಲ. 200 ಗ್ರಾಂ ಮೈದಾಕ್ಕೆ ಬೇಕಿಂಗ್ ಪೌಡರನ್ನು ಕಾಲು ಚಮಚ ಹೆಚ್ಚಿಸಿ, ಪೇಪರ್ ಕಪ್ಪಿನ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ ಹಿಟ್ಟು ತುಂಬಿ, 175 ಡಿಗ್ರಿಯಲ್ಲಿ ಹದಿನೆಂಟು ನಿಮಿಷ ಬೇಯಿಸಿದಾಗ ಮೇಲ್ಮೈ ಸಮನಾಗಿ ಬಂದಿತು.

ಕ್ರೀಮಿಗೆ ಹೆಚ್ಚು ದಿನ ಹಿಡಿಯಿತು. ವನಸ್ಪತಿಯಂತಹ ಗಟ್ಟಿ ಕೊಬ್ಬನ್ನು ಬೆರೆಸಿದರೆ ಅದು ಸೆಖೆಗೆ ಜಗ್ಗುವುದಿಲ್ಲವೆಂದು ಹಲವರು ಸೂಚಿಸಿದರು, ಮಾಡಿಯೂ ನೋಡಿದೆ; ಆದರೆ ಅದು ಬಾಯಿಯ ಶಾಖಕ್ಕೂ ಕರಗದೆ ಅಂಗುಳಿಗೆ ಮೇಣದಂತೆ ಹತ್ತುತ್ತದೆ, ಅಂಥದ್ದನ್ನು ಮಕ್ಕಳಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ. ಕೊನೆಗೆ ಉಳಿದದ್ದು ಬಿಳಿ ಚಾಕೊಲೇಟು. 200 ಗ್ರಾಂ ಉಪ್ಪಿಲ್ಲದ ಬೆಣ್ಣೆಯನ್ನು 250 ಗ್ರಾಂ ಐಸಿಂಗ್ ಸಕ್ಕರೆಯೊಂದಿಗೆ ಬಿಳಿಚಿಕೊಳ್ಳುವವರೆಗೆ ಬೀಟರಿನಿಂದ ಕಡೆದು, ಕೋಕೋ ಬೆಣ್ಣೆಯಿರುವ 120 ಗ್ರಾಂ ಬಿಳಿ ಚಾಕೊಲೇಟನ್ನು ಕರಗಿಸಿ, ಬೆರಳಿಗೆ ಬಿಸಿ ತಾಗದಷ್ಟು ಆರಿದ ಮೇಲೆ ಸೇರಿಸುತ್ತೇನೆ. ಕೋಕೋ ಬೆಣ್ಣೆ ಕೋಣೆಯ ಉಷ್ಣಾಂಶದಲ್ಲಿ ಹಾಲಿನ ಬೆಣ್ಣೆಗಿಂತ ಗಟ್ಟಿಯಾಗಿರುವುದರಿಂದ ಒಳಗೆ ಕಂಬದಂತೆ ಆಧಾರ ಕೊಡುತ್ತದೆ, ಬಾಯಿಗಿಟ್ಟರೆ ಕರಗುತ್ತದೆ. ಈ ಕೆಲಸವೆಲ್ಲ ಬೆಳಗಿನ ಆರು ಗಂಟೆಯೊಳಗೆ, ಬೋಗುಣಿಯ ಅಡಿಯಲ್ಲಿ ತಣ್ಣೀರಿನ ತಟ್ಟೆಯಿಟ್ಟು ಮುಗಿಯಬೇಕು.

ಮಳಿಗೆಯ ಕ್ರೀಮುಗಳ ತಿಳಿಬಣ್ಣಗಳು ನನಗೆ ಬಹಳ ಹಿಡಿಸಿದ್ದವು. ತಿಳಿಗುಲಾಬಿಗೆ ನಾನು ಮುರುಗಲನ್ನು, ಅಂದರೆ ಕೋಕಂ ಹಣ್ಣನ್ನು, ಬಳಸುತ್ತೇನೆ: ಒಣಗಿದ ಸಿಪ್ಪೆಯನ್ನು ಸ್ವಲ್ಪವೇ ನೀರಿನಲ್ಲಿ ನೆನೆಸಿ, ಹಿಂಡಿ, ಸಕ್ಕರೆ ಹಾಕಿ ಜೇನಿನ ಹದಕ್ಕೆ ಕಾಯಿಸಿದ ಪಾಕವನ್ನು ಎರಡು ಚಮಚ ಬೆರೆಸಿದರೆ ಬಣ್ಣದೊಂದಿಗೆ ಬರುವ ಸಣ್ಣ ಹುಳಿ, ಕ್ರೀಮಿನ ಅತಿಸಿಹಿಯನ್ನು ಕತ್ತರಿಸುತ್ತದೆ. ಹಳದಿಗೆ ಅಂಕೋಲೆಯ ಕರಿ ಈಶಾಡು, 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಮಾವು. ಅದರ ರಸವನ್ನು ಹಾಗೆಯೇ ಹಾಕಿದರೆ ನೀರಿನಂಶಕ್ಕೆ ಕ್ರೀಮು ಒಡೆಯುತ್ತದೆ, ಆದ್ದರಿಂದ ತಳ ಹತ್ತದಂತೆ ಕೈಯಾಡಿಸುತ್ತ ಅರ್ಧಕ್ಕೆ ಇಳಿಸಿ ಆರಿಸಬೇಕು.

ಇನ್ನು ಸಾಗಣೆ. ಕ್ರೀಮು ಹಚ್ಚಿದ ಕಪ್‌ಕೇಕನ್ನು ಫ್ರಿಜ್ಜಿನಿಂದ ತೆಗೆದು ಕರಾವಳಿಯ ಗಾಳಿಗೆ ಒಡ್ಡಿದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ ಕ್ರೀಮು ಬೆವರುತ್ತದೆ. ಪೆಟ್ಟಿಗೆಯನ್ನು ಮುಚ್ಚಿಯೇ ಫ್ರಿಜ್ಜಿನಲ್ಲಿಟ್ಟು, ಮುಚ್ಚಿಯೇ ಹೊರತೆಗೆದು, ತಲುಪಿದ ಅರ್ಧ ಗಂಟೆಯ ನಂತರ ತೆರೆಯಲು ಹೇಳಿದರೆ ಆ ಹನಿಗಳೆಲ್ಲ ಪೆಟ್ಟಿಗೆಯ ಹೊರಮೈ ಮೇಲೆ ಉಳಿಯುತ್ತವೆ.

ಕಳೆದ ಮೇ ತಿಂಗಳಲ್ಲಿ ಸದಾಶಿವಗಡದ ಮನೆಯೊಂದಕ್ಕೆ ಮೂರು ಡಜನ್ ಕೊಡಬೇಕಾಗಿತ್ತು. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯನ್ನೇ ಹಿಡಿಯಬೇಕಾಗಿ ಬಂದಿದ್ದರಿಂದ, ಪೆಟ್ಟಿಗೆಗಳ ಸುತ್ತ ಐಸ್ ಪ್ಯಾಕುಗಳನ್ನಿಟ್ಟು ಸಮಯಕ್ಕೆ ಮುಂಚೆಯೇ ನಾನೇ ಹೊರಟೆ. ಆ ಮನೆಯ ಜಗಲಿಯಲ್ಲಿ ಗಡಿಯಾರ ನೋಡುತ್ತ ಅರ್ಧ ಗಂಟೆ ಕುಳಿತು ಮುಚ್ಚಳ ತೆರೆದಾಗ, ಮುರುಗಲಿನ ಗುಲಾಬಿ ಸುಳಿಗಳು ಮತ್ತು ಈಶಾಡಿನ ಹಳದಿ ಸುಳಿಗಳು ಬೆಳಿಗ್ಗೆ ಚಾಕುವಿನಿಂದ ತಿರುಗಿಸಿದ ಹಾಗೆಯೇ ಇದ್ದವು.