ಹಂಗೇರಿಯ ಕನ್ಸರ್ವೇಟರಿಗೆ ಕಿವಿಯನ್ನು ಸಿದ್ಧಮಾಡುವುದು ಹೇಗೆ

ಹಂಗೇರಿಯಲ್ಲಿ ವಯೊಲಿನ್ ಕಲಿಯಲಿ, ಪಿಯಾನೊ ಕಲಿಯಲಿ, ಸೊಲ್ಫೇಜ್ ತರಗತಿ ತಪ್ಪುವುದಿಲ್ಲ. ಸ್ವರಲಿಪಿ ನೋಡಿದ ಕೂಡಲೇ ಹಾಡುವುದು, ಕೇಳಿದ್ದನ್ನು ಬರೆಯುವುದು ಅಲ್ಲಿನ ಮುಖ್ಯ ಕೆಲಸ. 14ರ ವಯಸ್ಸಿನ ಸುಮಾರಿಗೆ ಸಂಗೀತ ಪ್ರೌಢಶಾಲೆಗೆ, ಅಂದರೆ ಅಲ್ಲಿನವರು ಸಲಿಗೆಯಿಂದ ‘ಕೊನ್ಜಿ’ ಎನ್ನುವ ಜಾಗಕ್ಕೆ ಸೇರುವಾಗಲೂ, ಮುಂದೆ 1875ರಲ್ಲಿ ಶುರುವಾದ ಬುಡಾಪೆಸ್ಟಿನ ಲಿಸ್ಟ್ ಅಕಾಡೆಮಿ ಎಂಬ ಸಂಗೀತ ವಿಶ್ವವಿದ್ಯಾಲಯದ ಬಾಗಿಲು ತಟ್ಟುವಾಗಲೂ ಈ ಸಾಧನೆ ಬೇಕೇ ಬೇಕು. ಬೆರಳು ಎಷ್ಟೇ ಚುರುಕಾಗಿರಲಿ, ಬಾಯಲ್ಲಿ ಹಾಡಲು ಬಾರದ ಸಾಲು ಕಿವಿಗೆ ಇನ್ನೂ ದಕ್ಕಿಲ್ಲ ಎಂಬುದು ಹಂಗೇರಿಯ ಸಂಗೀತ ಸಂಯೋಜಕ, ಶಿಕ್ಷಕ ಜೋಲ್ತಾನ್ ಕೋದಾಯ್ ಹಾಕಿಕೊಟ್ಟ ದಾರಿಯ ತಿರುಳು. ವಾರಕ್ಕೊಮ್ಮೆ ಎರಡು ತಾಸು ಕೂರುವುದಕ್ಕಿಂತ ದಿನಕ್ಕೆ 20 ನಿಮಿಷ ಹಾಡುವುದು ಮೇಲು. 1950ರಲ್ಲಿ ಕೆಚ್ಕೆಮೇಟ್ ಊರಿನಲ್ಲಿ ಆರಂಭವಾದ ಹಾಡುಗಾರಿಕೆಯ ಪ್ರಾಥಮಿಕ ಶಾಲೆಯೂ ನಿತ್ಯದ ಹಾಡಿನ ಮೇಲೇ ನಿಂತದ್ದು.

ದೊ ಎಲ್ಲಿದೆ?

ದೊ, ರೆ, ಮಿ, ಫಾ, ಸೊ, ಲಾ, ತಿ: ಏಳು ಸ್ವರಗಳ ಹೆಸರುಗಳಿವು. ಇಲ್ಲಿ ದೊ ಯಾವ ಶ್ರುತಿಯಲ್ಲಿ ಬೇಕಾದರೂ ನಿಲ್ಲುತ್ತದೆ. ಷಡ್ಜವನ್ನು ಕಂಠಕ್ಕೆ ತಕ್ಕಂತೆ ಇಟ್ಟುಕೊಂಡು ಹಾಡಿದವರಿಗೆ ಇದು ಸಲೀಸು. ಪಾಶ್ಚಾತ್ಯ ಸಂಗೀತದ ಎರಡು ಮುಖ್ಯ ಸ್ವರಶ್ರೇಣಿಗಳು (ಸ್ಕೇಲುಗಳು) ಮೇಜರ್ ಮತ್ತು ಮೈನರ್; ಅವರು ಎಡವುವುದು ಮೈನರ್‌ನಲ್ಲಿ. ಮೈನರ್ ಸ್ಕೇಲಿನ ಆಧಾರಸ್ವರ ಲಾ: ಲಾ-ತಿ-ದೊ-ರೆ-ಮಿ-ಫಾ-ಸೊ-ಲಾ. ಆಧಾರಸ್ವರ ಯಾವುದಿದ್ದರೂ ಅದನ್ನು ದೊ ಎಂದೇ ಹಾಡುವ ರೂಢಿ ಬಿದ್ದರೆ ಮಿ-ಫಾ, ತಿ-ದೊ ನಡುವಿನ ಅರ್ಧಸ್ವರಗಳು (ಅತಿ ಚಿಕ್ಕ ಅಂತರಗಳು) ಜಾಗ ಬಿಟ್ಟು ಓಡಾಡುತ್ತವೆ. ಆಮೇಲೆ ತಿದ್ದುವುದು ಬಲು ಕಷ್ಟ. ಏರಿಸಿದ ಫಾ ‘ಫಿ’, ಏರಿಸಿದ ಸೊ ‘ಸಿ’, ಇಳಿಸಿದ ತಿ ‘ತಾ’.

ಪ್ರತಿ ಸಾಲನ್ನೂ ಎರಡು ಸಲ ಹಾಡಿ: ಒಮ್ಮೆ ದೊ-ರೆ-ಮಿಯಲ್ಲಿ, ಇನ್ನೊಮ್ಮೆ ಅಕ್ಷರದ ಹೆಸರುಗಳಲ್ಲಿ. ಹಂಗೇರಿಯ ಅಕ್ಷರಗಳು ಜರ್ಮನ್ ರೂಢಿಯವು. ಇಂಗ್ಲಿಷಿನ ಬಿ ಸ್ವರ ಅಲ್ಲಿ ‘ಹಾ’; ಬಿ-ಫ್ಲ್ಯಾಟ್ (ಅರ್ಧಸ್ವರ ಇಳಿಸಿದ ಬಿ) ‘ಬೆ’. ಎಫ್-ಶಾರ್ಪ್ (ಅರ್ಧಸ್ವರ ಏರಿಸಿದ ಎಫ್) ‘ಫಿಸ್’, ಇ-ಫ್ಲ್ಯಾಟ್ ‘ಎಸ್’. ಮೇಜರ್ ‘ದೂರ್’, ಮೈನರ್ ‘ಮೋಲ್’. ಹಾ ಮತ್ತು ಬೆ ಬೇರೆ ಬೇರೆ ಎಂದು ನಾಲಿಗೆಗೆ ರೂಢಿಯಾಗದಿದ್ದರೆ ಕೇಳಿದ್ದನ್ನು ಬರೆಯುವಾಗ ಇಡೀ ಸಾಲು ಕೆಡುತ್ತದೆ.

ಶ್ರುತಿ ಹಿಡಿಯಲು ಪಿಯಾನೊ ಬೇಡ, 440 ಹರ್ಟ್ಸ್‌ನ ‘ಎ’ ಕೊಡುವ ಟ್ಯೂನಿಂಗ್ ಫೋರ್ಕ್ ಸಾಕು. ಅದರ ಕವಲನ್ನು ಮೊಣಕಾಲಿಗೆ ಮೆಲ್ಲಗೆ ತಟ್ಟಿ, ಹಿಡಿಯ ತುದಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ. ಮೇಜಿನ ಅಂಚಿಗೆ ಬಡಿದರೆ ಮೊದಲು ಕೀರಲು ಮೇಲ್ಸ್ವರವೇ ಎದ್ದು, ಕಿವಿ ಅದನ್ನು ಹಿಡಿದುಬಿಡಬಹುದು. ಕೇಳಿದ ಎ ಎಫ್-ಮೇಜರ್‌ನಲ್ಲಿ ಮಿ: ಮಿ-ರೆ-ದೊ ಎಂದು ಇಳಿಯಿರಿ. ಡಿ-ಮೇಜರ್‌ನಲ್ಲಿ ಅದು ಸೊ. ಬಿ-ಫ್ಲ್ಯಾಟ್ ಮೇಜರ್‌ನಲ್ಲಿ ತಿ: ಅರ್ಧಸ್ವರ ಮೇಲೆ ದೊ. ಇ-ಫ್ಲ್ಯಾಟ್ ಮೇಜರ್‌ನಲ್ಲಿ ಮಾತ್ರ ಎ ಸ್ಕೇಲಿನೊಳಗೆ ಇಲ್ಲ; ಅರ್ಧಸ್ವರ ಇಳಿಸಿದರೆ ಫಾ ಸಿಗುತ್ತದೆ, ಅಲ್ಲಿಂದ ಫಾ-ಮಿ-ರೆ-ದೊ.

ಕೈಸನ್ನೆ

ಪ್ರತಿ ಸ್ವರಕ್ಕೂ ಒಂದೊಂದು ಕೈಸನ್ನೆ; ಹಾಡುತ್ತಲೇ ಅದನ್ನು ತೋರಿಸಬೇಕು. ಸನ್ನೆಯ ಎತ್ತರ ಮುಖ್ಯ. ದೊಗೆ ಸೊಂಟದ ಮಟ್ಟದಲ್ಲಿ ಮುಷ್ಟಿ. ಮಿಗೆ ಎದೆಯ ಮಟ್ಟದಲ್ಲಿ ಅಂಗೈ ನೆಲಕ್ಕೆ ಮಾಡಿದ ಚಪ್ಪಟೆ ಕೈ. ಸೊಗೆ ಹೆಬ್ಬೆರಳು ಮೇಲಾಗಿ, ಅಂಗೈ ಮೈಕಡೆ. ಲಾಗೆ ಮಣಿಕಟ್ಟಿನಿಂದ ಸಡಿಲವಾಗಿ ಇಳಿಬಿಟ್ಟ ಕೈ. ಮೇಲಿನ ದೊ ತಲೆಯ ಎತ್ತರಕ್ಕೆ. ಎಲ್ಲವನ್ನೂ ಒಂದೇ ಎತ್ತರದಲ್ಲಿ ತೋರಿಸಿದರೆ ಸ್ವರಗಳ ಅಂತರ ಮೈಗೆ ತಿಳಿಯುವುದಿಲ್ಲ.

ಸ್ವರಗಳನ್ನು ಕಲಿಯುವ ಕ್ರಮ ಹೀಗೆ: ಮೊದಲು ಸೊ-ಮಿ, ಆಮೇಲೆ ಲಾ, ನಂತರ ದೊ, ರೆ. ಅರ್ಧಸ್ವರವಿಲ್ಲದ ಈ ಐದು ಗಟ್ಟಿಯಾದ ಮೇಲಷ್ಟೇ ಫಾ, ತಿ. ಕೋದಾಯ್ ಮತ್ತು ಇನ್ನೊಬ್ಬ ಹಂಗೇರಿಯನ್ ಸಂಯೋಜಕ ಬೇಲಾ ಬಾರ್ಟೋಕ್ ಹಳ್ಳಿಗಳಲ್ಲಿ ಸಂಗ್ರಹಿಸಿದ ಹಳೆಯ ಜನಪದ ಗೀತೆಗಳು ಹೆಚ್ಚಾಗಿ ಈ ಐದರಲ್ಲೇ ಓಡಾಡುತ್ತವೆ. ಎಷ್ಟೋ ಹಾಡುಗಳಲ್ಲಿ ಮೊದಲರ್ಧದ ಧಾಟಿಯೇ ಐದು ಸ್ವರ ಕೆಳಗೆ ಮರಳುತ್ತದೆ: ಮೇಲೆ ಲಾ-ಸೊ-ಮಿ ಇದ್ದದ್ದು ಕೆಳಗೆ ರೆ-ದೊ-ಲಾ. ಈ ಜೋಡಿಯನ್ನು ಹತ್ತು ಬಾರಿ ಹಾಡಿ ನೋಡಿ, ಪಂಚಮದ ಅಂತರ ಗಂಟಲಲ್ಲೇ ಕೂರುತ್ತದೆ.

ಎರಡು ದನಿ

ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಎರಡು ದನಿಯ ಚಿಕ್ಕ ಸಾಲೊಂದನ್ನು ತೆಗೆದುಕೊಂಡು ಪ್ರತಿ ದನಿಯನ್ನೂ ಬೇರೆಬೇರೆಯಾಗಿ ಹಾಡಿ. ಮೇಲಿನದನ್ನು ಹಾಡುತ್ತ ಕೆಳಗಿನದರ ಲಯವನ್ನು ಕೈಯಲ್ಲಿ ತಟ್ಟಿ. ಮೂರನೆಯ ಸಲ ಕೆಳಗಿನದನ್ನು ಪಿಯಾನೊದಲ್ಲಿ ನುಡಿಸುತ್ತ ಮೇಲಿನದನ್ನು ಹಾಡಿ, ಆಮೇಲೆ ಅದಲುಬದಲು ಮಾಡಿ. ಕೊನೆಗೆ ಪಿಯಾನೊ ಮುಚ್ಚಿ, ಜೊತೆಗಾರರೊಬ್ಬರೊಂದಿಗೆ ಬರೀ ಕಂಠದಲ್ಲಿ ಹಾಡಿ. ಈ ಕೊನೆಯ ಹಂತ ಬಿಟ್ಟವರ ಶ್ರುತಿ ಎಂದೂ ಶುದ್ಧವಾಗುವುದಿಲ್ಲ.

ಕಾರಣವಿದೆ. ಪಿಯಾನೊದ ದೊ-ಮಿ ಅಂತರ 400 ಸೆಂಟ್ (ಪಿಯಾನೊದ ಅರ್ಧಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್). ಎರಡು ಕಂಠಗಳು ಅಲುಗದೆ ಕೂಡುವುದು 386ರಲ್ಲಿ. ಅಂದರೆ ಮಿ 14 ಸೆಂಟ್ ಕೆಳಗಿರಬೇಕು. ದೊ-ಸೊ ಮಾತ್ರ 702, ಪಿಯಾನೊದ 700ಕ್ಕಿಂತ ಕೂದಲೆಳೆಯಷ್ಟು ಮೇಲೆ. ಒಬ್ಬರು ದೊವನ್ನು ಹಿಡಿದು ನಿಲ್ಲಲಿ, ಇನ್ನೊಬ್ಬರು ಮಿಯನ್ನು ಮೆಲ್ಲಗೆ ಇಳಿಸುತ್ತ ಬರಲಿ. ಎರಡು ದನಿ ಕೂಡಿದಾಗ ಕೇಳುವ ನಡುಕ ನಿಧಾನವಾಗುತ್ತ ಬಂದು ಫಕ್ಕನೆ ನಿಂತುಹೋಗುವ ಬಿಂದುವೊಂದು ಸಿಗುತ್ತದೆ. ಅದೇ ಮಿ. ಎರಡನೆಯ ದನಿಯೇ ಶ್ರುತಿಯನ್ನು ತಿದ್ದಬೇಕು ಎಂದೇ ಕೋದಾಯ್ ಇಂಥ ಅಭ್ಯಾಸಗಳನ್ನು ರಾಶಿರಾಶಿ ಬರೆದರು.

ಸಾಲು ಮುಗಿದ ಮೇಲೆ ಫೋರ್ಕ್ ತಟ್ಟಿ ನೋಡಿ. ಶ್ರುತಿ ಇಳಿದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಏರುವ ದೊ-ರೆ, ರೆ-ಮಿಗಳನ್ನು: ಏರುವಾಗ ಹೆಜ್ಜೆ ಚಿಕ್ಕದಾಗುತ್ತದೆ, ಇಳಿಯುವಾಗ ದೊಡ್ಡದಾಗುತ್ತದೆ. ಒಂದೇ ಸ್ವರವನ್ನು ಮತ್ತೆ ಮತ್ತೆ ಹಾಡುವ ಜಾಗವೂ ಕುಸಿಯುತ್ತದೆ. ಅಲ್ಲಿ ಪ್ರತಿ ಸಲವೂ ಹೊಸದಾಗಿ ಯೋಚಿಸಿ ಹಾಡಬೇಕು.

ಲಯಕ್ಕೆ ಬೇರೆಯೇ ಹೆಸರುಗಳು, ಇಲ್ಲಿನ ತಾ, ತಿ ಸ್ವರಗಳಲ್ಲ: ಕ್ವಾರ್ಟರ್ ನೋಟ್ ‘ತಾ’, ಅದರ ಅರ್ಧ ಅವಧಿಯ ಎರಡು ಎಯ್ತ್ ನೋಟ್‌ಗಳು ‘ತಿ-ತಿ’, ವಿರಾಮ ‘ಸ್ಯುನ್’. ವಾರದೊಳಗೆ ಬಂದುಬಿಡುತ್ತದೆ.

ಮನಸ್ಸಿನಲ್ಲೇ ಹಾಡುವುದು

ಎರಡು ಬಾರ್ (ತಾಳದ ಆವರ್ತ) ಗಟ್ಟಿಯಾಗಿ, ಎರಡು ಬಾರ್ ಕೈಸನ್ನೆ ಮಾತ್ರ, ಐದನೆಯದರಲ್ಲಿ ಮತ್ತೆ ದನಿ. ಮರಳಿ ದನಿ ತೆಗೆದಾಗ ಶ್ರುತಿ ಬೇರೆ ಬಂದರೆ ಮೌನದಲ್ಲಿ ಎಲ್ಲಿ ಜಾರಿದಿರಿ ಎಂದು ಒಂದೊಂದೇ ಸ್ವರ ಸೇರಿಸಿ ಹುಡುಕಿ. ಹೊಸ ವಾದ್ಯಕೃತಿಯನ್ನೂ ಹೀಗೇ ಶುರುಮಾಡಿ: ವಾದ್ಯ ಪೆಟ್ಟಿಗೆಯಲ್ಲೇ ಇರಲಿ, ಮೊದಲ ಎಂಟು ಬಾರ್ ಹಾಡಿ, ಉಸಿರು ಎಲ್ಲಿ ಬೇಕೆನಿಸಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ನಾಲ್ವರು ನುಡಿಸುವ ಕ್ವಾರ್ಟೆಟ್ ಆದರೆ ಚೆಲ್ಲೊ ಒಂದೇ ನುಡಿಯಲಿ, ಉಳಿದ ಮೂವರೂ ತಮ್ಮ ಸಾಲುಗಳನ್ನು ಹಾಡಲಿ. ಅದು ಕೂಡಿದ ಮೇಲೆ ಬಿಲ್ಲು ಎತ್ತಿಕೊಳ್ಳಿ.