ಕೊಡಗಿನ ಮಳೆಗೂ ಲೋಳೆಯಾಗದ ಸೋಪು

ಮನೆಯಲ್ಲಿ ಮಾಡಿದ ಸೋಪು ವಾರಕ್ಕೇ ಕರಗಿ ಹೋಗುತ್ತಿದ್ದರೆ ಸಾಮಾನ್ಯವಾಗಿ ಎರಡು ಕಾರಣ: ಕೊಬ್ಬರಿ ಎಣ್ಣೆ ಜಾಸ್ತಿಯಾಗಿರುತ್ತದೆ, ಒಣಗಿದ್ದು ಸಾಲದಾಗಿರುತ್ತದೆ. ಬರೀ ಕೊಬ್ಬರಿ ಎಣ್ಣೆಯ ಸೋಪು ಕಲ್ಲಿನಂತೆ ಗಟ್ಟಿ, ಆದರೆ ನೀರಿಗೆ ಬೇಗ ಸೋಲುತ್ತದೆ. ಬಾಳಿಕೆ ಬರುವುದು ನೆಣದಲ್ಲಿ, ಅಂದರೆ ಹಂದಿಯ ಕೊಬ್ಬಿನಲ್ಲಿ ಇರುವ ಪಾಮಿಟಿಕ್, ಸ್ಟಿಯರಿಕ್ ಎಂಬ ಆಮ್ಲಗಳಿಂದ. ಪಂದಿ ಕರಿ (ಹಂದಿ ಮಾಂಸದ ಸಾರು) ಬೇಯುವ ನಾಡಿನಲ್ಲಿ ನೆಣಕ್ಕೇನು ಬರವಿಲ್ಲ.

ಆದರೆ ಕರಿಯ ಮೇಲೆ ತೇಲುವ ಕೊಬ್ಬು ಬೇಡ. ಅದರಲ್ಲಿ ಮಸಾಲೆಯ ವಾಸನೆ ಇರುತ್ತದೆ, ಕರಿಗೆ ಹಾಕುವ ಕೊಡಗಿನ ಹುಳಿರಸ ಕಾಚಂಪುಳಿಯು ಸೋಪಿನ ಕಾಸ್ಟಿಕ್ ಸೋಡಾವನ್ನು ತಿನ್ನುತ್ತದೆ. ಹಸಿ ನೆಣವನ್ನೇ ಸಣ್ಣಗೆ ಹೆಚ್ಚಿ, ಸ್ವಲ್ಪ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಸೋಸಿ. ಅಷ್ಟೇ ನೀರು, ಒಂದು ಚಮಚ ಉಪ್ಪು ಸೇರಿಸಿ ಮತ್ತೆ ಕುದಿಸಿ ಆರಲು ಬಿಡಿ. ಮೇಲೆ ಹೆಪ್ಪುಗಟ್ಟಿದ್ದನ್ನು ಎತ್ತಿ, ಅಡಿಯ ಕಂದು ಕಸ ಕೆರೆದು ತೆಗೆಯಿರಿ. ಎರಡು ಸಲ ಹೀಗೆ ತೊಳೆದರೆ ವಾಸನೆ ಬಹಳ ಮಟ್ಟಿಗೆ ಹೋಗುತ್ತದೆ.

ಅಳತೆ ಲೋಟದಲ್ಲಲ್ಲ, ಗ್ರಾಂ ತೂಗುವ ತಕ್ಕಡಿಯಲ್ಲಿ: ನೆಣ 650, ಕೊಬ್ಬರಿ ಎಣ್ಣೆ 300, ಹರಳೆಣ್ಣೆ 50, ಕಾಸ್ಟಿಕ್ ಸೋಡಾ 143, ನೀರು 285, ಉಪ್ಪು 10 ಗ್ರಾಂ. ಈ ಲೆಕ್ಕದಲ್ಲಿ ಶೇ. 5ರಷ್ಟು ಕೊಬ್ಬು ಸೋಪಾಗದೆ ಉಳಿದು ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ. ನೆಣ ಬೇಡವೆಂದರೆ ಅಷ್ಟೇ ತಾಳೆ ಎಣ್ಣೆ (ಅದರ ತಿಳಿ ಭಾಗವಾದ ಪಾಮೋಲಿನ್ ಅಲ್ಲ) ಹಾಕಿ ಸೋಡಾ 145 ಗ್ರಾಂ ಮಾಡಿ. ಅಡುಗೆ ಸೋಡಾ, ವಾಷಿಂಗ್ ಸೋಡಾ ಇದಕ್ಕೆ ನಡೆಯುವುದಿಲ್ಲ. ಬೂದಿಯ ನೀರಿನದು ಪೊಟ್ಯಾಷ್, ಅದರ ಸೋಪು ಮೆತ್ತಗೇ ಉಳಿಯುತ್ತದೆ. ನಮ್ಮ ತೇವದಲ್ಲಿ ಬಾಯಿ ತೆರೆದಿಟ್ಟ ಕಾಸ್ಟಿಕ್ ಪೊಟ್ಟಣ ಗಂಟುಗಟ್ಟಿ ಬಲ ಕಳೆದುಕೊಳ್ಳುತ್ತದೆ, ಹೊಸದನ್ನೇ ತನ್ನಿ.

ಕೈಗವಸು, ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೆಲಸ ಮಾಡಿ. ಉಪ್ಪನ್ನು ನೀರಿಗೆ ಕರಗಿಸಿ, ಆ ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಸೋಡಾದ ಮೇಲೆ ನೀರು ಹೊಯ್ದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಪಾತ್ರೆ ಸ್ಟೀಲಿನದೇ ಇರಲಿ, ಅಲ್ಯೂಮಿನಿಯಂ ಅನ್ನು ಸೋಡಾ ತಿಂದುಬಿಡುತ್ತದೆ.

ನೆಣ, ಎಣ್ಣೆಗಳನ್ನು ಒಟ್ಟಿಗೆ ಕರಗಿಸಿ, ಅದೂ ಸೋಡಾ ನೀರೂ 40–45 ಡಿಗ್ರಿಗೆ ಇಳಿದಾಗ ಸೇರಿಸಿ. ಮಡಿಕೇರಿಯ ಚಳಿಯಲ್ಲಿ ಇದಕ್ಕಿಂತ ತಣಿಯಲು ಬಿಟ್ಟರೆ ನೆಣ ತಾನೇ ಹೆಪ್ಪುಗಟ್ಟಿ ಹದ ಬಂದಂತೆ ಮೋಸ ಮಾಡುತ್ತದೆ, ಆಮೇಲೆ ಅಚ್ಚಿನಲ್ಲಿ ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ. ಹ್ಯಾಂಡ್ ಬ್ಲೆಂಡರನ್ನು ಬಿಟ್ಟು ಬಿಟ್ಟು ತಿರುಗಿಸಿ. ದೋಸೆ ಹಿಟ್ಟಿನ ಹದಕ್ಕೆ ಬಂದು, ಚಮಚದಿಂದ ಬಿಟ್ಟ ಗೆರೆ ಮೇಲೆ ನಿಂತರೆ ಸಾಕು. ಒಣಗಿಸಿದ ಕಾಫಿ ಚರಟ ಬೇಕಿದ್ದರೆ ಈಗ ಒಂದು ಚಮಚ ಹಾಕಿ. ಜಾಸ್ತಿ ಹಾಕಿದರೆ ಮೈ ಕೆರೆಯುತ್ತದೆ, ಬಚ್ಚಲೂ ಕೊಳೆ.

ಬೆಣ್ಣೆ ಕಾಗದ ಹಾಸಿದ ಅಚ್ಚಿಗೆ ಸುರಿದು ಬಟ್ಟೆ ಹೊದಿಸಿ. ಒಂದು–ಎರಡು ದಿನದಲ್ಲಿ ಕತ್ತರಿಸಬಹುದು. ಮೇಲೆ ಕಾಣುವ ತೆಳು ಬಿಳಿ ಪುಡಿಯನ್ನು ಒರೆಸಿದರಾಯಿತು. ಒಳಗೆ ಬಿಳಿ ಹರಳುಗಳೋ ನೀರಿನ ಗುಳಿಯೋ ಇದ್ದರೆ ಸೋಡಾ ಬೆರೆತಿಲ್ಲ, ಮೈಗೆ ಹಚ್ಚಬೇಡಿ.

ಒಣಗಿಸಲು ಬೇಸಿಗೆಯಲ್ಲಿ ಆರು ವಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ತಿಂಗಳಾದರೂ ಬೇಕು, ಆಗ ಗಾಳಿಗಿಂತ ಫ್ಯಾನನ್ನೇ ನಂಬಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಸೋಪಿಗೆ ಹೊಗೆಯ ವಾಸನೆಯೂ ಹತ್ತುತ್ತದೆ. ವಾರಕ್ಕೊಮ್ಮೆ ಒಂದೇ ಬಿಲ್ಲೆಯನ್ನು ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ಮೇಲೆ ಬಚ್ಚಲಿಗೆ ತನ್ನಿ, ಅದೂ ನೀರು ನಿಲ್ಲದ ಬಿದಿರು ತಟ್ಟೆಯ ಮೇಲೆ.